ಮಣ್ಣು, ಉಪ್ಪು, ಕಲ್ಲು

ಗರಡಿಯ ಬಾಗಿಲು ಗಿಡ್ಡ. ಒಳಗೆ ಹೋಗುವವನು ಎಷ್ಟೇ ದೊಡ್ಡ ಪೈಲ್ವಾನನಾಗಿರಲಿ, ಸೊಂಟ ಬಗ್ಗಿಸಿ, ಮಂಡಿ ಮಡಿಸಿಯೇ ಇಳಿಯಬೇಕು. ಮೈಸೂರಿನಲ್ಲಿ ನಮ್ಮ ತಾತ ನಡೆಸುತ್ತಿದ್ದ ಗರಡಿಯೂ ಹಾಗೇ ಇತ್ತು. ನಾನು ಹೆಣ್ಣುಮಗು, ಹೊಸಿಲು ದಾಟುವಂತಿರಲಿಲ್ಲ. ಹಾಗಾಗಿ ನಾನು ಕಂಡ ಗರಡಿಯೆಲ್ಲ ಹೊಸಿಲಿನ ಈಚೆಯಿಂದ ಕಂಡದ್ದು: ಗೂಡಿನಲ್ಲಿ ಹನುಮಂತ, ಅವನ ಮುಂದೆ ಎಣ್ಣೆದೀಪ, ಗೋಡೆಗೆ ಒರಗಿಸಿದ ಗದೆಗಳು, ಅಖಾಡದ ತುಂಬ ಅರಿಶಿನ, ಎಣ್ಣೆ, ಮಜ್ಜಿಗೆ ಕುಡಿದು ಮೆತ್ತಗಾದ ಕೆಮ್ಮಣ್ಣು.

ನನಗೆ ಏಳು ವರ್ಷವಿದ್ದಾಗ ಚಿಕ್ಕಪ್ಪನೂ ಹೊಸಿಲಿನ ಈಚೆಗೆ ಬಂದು ಕೂತರು. ಕುಸ್ತಿಯಲ್ಲಿ ಎದುರಾಳಿಯ ಕೆಳಗೆ ಸಿಕ್ಕಿ ಅವರ ಎಡ ಮುಂಗೈ ಮುರಿದಿತ್ತು. ತಾತನೇ ಮೂಳೆ ಕೂರಿಸಿದರು. ಸುತ್ತಲಿನ ಹತ್ತು ಬೀದಿಗಳಲ್ಲಿ ಕೈಕಾಲು ಉಳುಕಿದವರು, ಭುಜ ಜಾರಿದವರು ಬರುತ್ತಿದ್ದುದು ಅವರ ಬಳಿಗೇ. ಸೊಪ್ಪಿನ ರಸ, ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆಗಳನ್ನಿಟ್ಟು, ಬಟ್ಟೆಪಟ್ಟಿಯಿಂದ ಬಿಗಿಯಾಗಿ ಸುತ್ತಿದರು. ಆ ರಾತ್ರಿ ಚಿಕ್ಕಪ್ಪ ಮಲಗಲಿಲ್ಲ. ಕೈ ಸಿಡಿಯುತ್ತಿದೆ ಎಂದು ನರಳಿದರು. "ಗರಡಿ ಹುಡುಗ ನೋವಿಗೆ ಹೆದರ್ತಾನೇನೋ? ತಡ್ಕೋ" ಎಂದರು ತಾತ. ಬೆಳಗಿನ ಜಾವ ಅಜ್ಜಿ ಚಿಕ್ಕಪ್ಪನ ಕೈ ಮುಟ್ಟಿ ನೋಡಿ, "ರೀ, ಹುಡುಗನ ಬೆರಳೆಲ್ಲ ತಣ್ಣಗಾಗಿದೆ ಕಣ್ರೀ. ಕಟ್ಟು ಸ್ವಲ್ಪ ಸಡಿಲ ಮಾಡಿ" ಎಂದದ್ದು ನನಗೆ ಈಗಲೂ ಕೇಳಿಸುತ್ತದೆ. ತಾತ ಒಪ್ಪಲಿಲ್ಲ. ಮೂರನೆಯ ದಿನ ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ ಮೂಳೆ ನೆಟ್ಟಗೆ ಕೂತಿತ್ತು. ಬೆರಳುಗಳು ಮಾತ್ರ ಚಾಚಲು ಬರಲಿಲ್ಲ. ತಿಂಗಳು ಕಳೆದಂತೆ ಹಕ್ಕಿಯ ಕಾಲಿನಂತೆ ಒಳಕ್ಕೆ ಮಡಿಸಿಕೊಂಡವು.

ಆಮೇಲೆ ತಾತ ಒಂದು ಕೆಲಸ ಶುರುಮಾಡಿದರು. ದಿನಾ ಬೆಳಿಗ್ಗೆ ಅಖಾಡದಿಂದ ಒಂದು ಹಿಡಿ ಕೆಮ್ಮಣ್ಣು ತಂದು, ನೀರು ಚಿಮುಕಿಸಿ ನಾದಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಚಿಕ್ಕಪ್ಪನ ಅಂಗೈಯಲ್ಲಿಡುವರು. ಹಿಚುಕು, ಬಿಡು, ಹಿಚುಕು, ಬಿಡು. ಕೆಲವು ತಿಂಗಳಾದ ಮೇಲೆ ಮಣ್ಣಿನ ಉಂಡೆಯ ಬದಲು ಅಜ್ಜಿಯ ಕುಟ್ಟಾಣಿಯ ಕಲ್ಲು ಬಂತು. ಅದನ್ನು ಹಿಡಿದು ಎತ್ತಬೇಕು, ಇಳಿಸಬೇಕು. ತಾತ ಪಕ್ಕದಲ್ಲೇ ಕೂತು ಎಣಿಸುತ್ತಿದ್ದರು. ತಪ್ಪಾಯಿತು ಎಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಒಂದೂವರೆ ವರ್ಷ ಒಂದು ದಿನವೂ ಆ ಎಣಿಕೆ ತಪ್ಪಲಿಲ್ಲ.

ನಾನು ಫಿಸಿಯೋಥೆರಪಿ ಓದಿದ್ದು ಆ ಕೈ ನೋಡಿ. ಕೀಲು ಮಡಿಸುವುದು, ಚಾಚುವುದು, ಸೋತ ಸ್ನಾಯುವಿಗೆ ಮತ್ತೆ ಬಲ ಬರಿಸುವುದು ಮೂವತ್ತು ವರ್ಷಗಳಿಂದ ನನ್ನ ಕಸುಬು. ಈ ಕಸುಬಿನ ಬೇರನ್ನು ಹುಡುಕುತ್ತ ಹೋದಾಗ ನಮ್ಮ ಮನೆಯ ಮಣ್ಣಿನುಂಡೆ ಬಹಳ ಹಳೆಯ ಪುಟವೊಂದರಲ್ಲಿ ಸಿಕ್ಕಿತು.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ ಮುರಿದ ಮೂಳೆ, ಜಾರಿದ ಕೀಲುಗಳ ಚಿಕಿತ್ಸೆಗೇ ಮೀಸಲು. ಎಳೆಯುವುದು, ಒತ್ತುವುದು, ಕೂರಿಸುವುದು, ಕಟ್ಟುವುದು ಎಲ್ಲವೂ ಅದರಲ್ಲಿದೆ. ದಬ್ಬೆಗೆ ಆಲ, ಅರಳಿ, ಅತ್ತಿ, ಮುತ್ತುಗದ ತೊಗಟೆ ಅಥವಾ ಬಿದಿರು ಆಗಬಹುದು. ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಶೀತೋಷ್ಣದಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಅಂಗೈ ಮುರಿದು ಕೂಡಿದ ಮೇಲೆ ರೋಗಿಯ ಕೈಗೆ ಮೊದಲು ಮಣ್ಣಿನ ಉಂಡೆ ಕೊಡಬೇಕು, ಆಮೇಲೆ ಉಪ್ಪಿನ ಗಟ್ಟಿ, ಕೈಗೆ ಬಲ ಬಂದ ಮೇಲೆ ಕಲ್ಲು.

ಗ್ರಂಥಾಲಯದಲ್ಲಿ ಈ ಮಾತು ಓದಿದಾಗ ನನ್ನ ಕಣ್ಣು ತುಂಬಿಬಂತು. ತಾತ ಸಂಸ್ಕೃತ ಓದಿದವರಲ್ಲ. ಅವರ ಉಸ್ತಾದರು ಮಾಡಿದ್ದನ್ನು ಅವರು ಮಾಡಿದರು. ಆ ಉಸ್ತಾದರು ತಮ್ಮ ಉಸ್ತಾದರಿಂದ ಕಲಿತಿದ್ದರು. ಅದೇ ಅಧ್ಯಾಯ ಇನ್ನೊಂದು ಮಾತನ್ನೂ ಹೇಳುತ್ತದೆ: ಕಟ್ಟು ತೀರ ಸಡಿಲವಾದರೆ ಕೀಲು ನೆಲೆಗೊಳ್ಳುವುದಿಲ್ಲ, ತೀರ ಬಿಗಿಯಾದರೆ ಊತ, ನೋವು, ಕೊಳೆತ ಬರುತ್ತವೆ. ಮಣ್ಣು, ಕಲ್ಲಿನ ಪಾಠ ಕೈಯಿಂದ ಕೈಗೆ ದಾಟಿ ನಮ್ಮ ಓಣಿಯವರೆಗೆ ಬಂದಿತ್ತು. ಬಿಗಿಯ ಪಾಠ ದಾರಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಚಿಕ್ಕಪ್ಪನ ಬೆರಳುಗಳು ಮಡಿಸಿಕೊಂಡದ್ದು ಆ ಕಳೆದ ಸಾಲಿನಿಂದ.

ಬಿಗಿದ ಕಟ್ಟಿನ ಕೆಳಗೆ ಏನಾಗುತ್ತದೆ ಎಂಬುದನ್ನು 1881ರಲ್ಲಿ ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ ಬರೆದಿಟ್ಟ. ಮುಂಗೈಯ ಸ್ನಾಯುಗಳು ಗಟ್ಟಿ ಪೊರೆಯ ಕೋಣೆಗಳೊಳಗಿವೆ. ಮುರಿದ ಜಾಗ ಊದುತ್ತದೆ. ಹೊರಗಿನ ಕಟ್ಟು ಆ ಊತಕ್ಕೆ ಜಾಗ ಕೊಡದಿದ್ದರೆ ಒಳಗಿನ ಒತ್ತಡ ಏರಿ ರಕ್ತದ ಹರಿವು ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಬೆರಳು ಮಡಿಸುವ ಆಳದ ಸ್ನಾಯುಗಳಿಗೆ ಏಟು ಮೊದಲು. ಸತ್ತ ಸ್ನಾಯುವಿನ ಜಾಗದಲ್ಲಿ ಕಲೆಯ ಅಂಗಾಂಶ ಬೆಳೆದು ಕುಗ್ಗುತ್ತದೆ, ಬೆರಳುಗಳನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿದರೆ ಆ ಎಳೆತ ಸಡಿಲವಾಗಿ ಬೆರಳು ಅಷ್ಟಿಷ್ಟು ಬಿಚ್ಚಿಕೊಳ್ಳುತ್ತವೆ. ಇದನ್ನು ಚಿಕ್ಕಪ್ಪ ಯಾರೂ ಹೇಳಿಕೊಡದೆ ಕಂಡುಕೊಂಡಿದ್ದರು. ಕಾಫಿ ಲೋಟ ಹಿಡಿಯುವಾಗ ಮೊದಲು ಮಣಿಕಟ್ಟು ಬಗ್ಗಿಸುವರು, ಬೆರಳು ತೆರೆಯುವುವು. ಲೋಟವನ್ನು ಬೆರಳ ನಡುವೆ ಸೇರಿಸಿಕೊಂಡು ಮಣಿಕಟ್ಟು ಎತ್ತುವರು, ಹಿಡಿತ ತಾನಾಗಿ ಬಿಗಿಯುವುದು. ಐವತ್ತು ವರ್ಷ ಅವರು ಕಾಫಿ ಕುಡಿದದ್ದು ಹೀಗೆ.

ಕನ್ನಡ ನಾಡಿನಲ್ಲಿ ಮಲ್ಲರ ಮೈ ಪಳಗಿಸುವ ವಿದ್ಯೆಗೆ ಬರವಣಿಗೆಯ ಸಾಕ್ಷಿ ಗಟ್ಟಿಯಾಗಿಯೇ ಇದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದದ ಭಾಗವೊಂದಿದೆ. ಮಲ್ಲರ ದರ್ಜೆ, ಊಟ, ಸಾಧನೆ ಎಲ್ಲವನ್ನೂ ದೊರೆ ಪಟ್ಟಿಮಾಡುತ್ತಾನೆ. ಭಾರ ಎತ್ತುವುದು ಭಾರಶ್ರಮ, ನೀರಲ್ಲಿ ಈಜುವುದು ಸಲಿಲಶ್ರಮ, ಕಂಬದ ಮೇಲಿನ ಕಸರತ್ತು ಸ್ತಂಭಶ್ರಮ. ಮೇಲ್ದರ್ಜೆಯ ಮಲ್ಲನಿಗೆ ಜ್ಯೇಷ್ಠಿಕ ಎಂಬ ಹೆಸರು. ನಮ್ಮ ಜಟ್ಟಿ ಎಂಬ ಮಾತು ಆ ನಂಟಿನದು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ತಲೆ ಬೋಳಿಸಿಕೊಂಡು ಇಳಿಯುವವರು ಇದೇ ಜಟ್ಟಿಗಳು; ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಬರೆದಾಗ ಜಟ್ಟಿಗಳು ಕುಸ್ತಿಯ ಜೊತೆಗೆ ಮೈ ತಿಕ್ಕಿ, ಲೇಪ ಹಚ್ಚಿ ನರನೋವು ಕಳೆಯುವವರೆಂದು ದಾಖಲಿಸಿದ್ದಾರೆ. ಕೆಡಹುವ ಕೈಯೇ ಕೂರಿಸುವ ಕೈ. ಮೈಯ ಯಾವ ಕೀಲು ಎಷ್ಟು ಮಡಿಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪಟ್ಟು ಹಾಕಿ ಹಾಕಿ ತಿಳಿದವರಿಗೆ ಜಾರಿದ ಕೀಲನ್ನು ಮರಳಿಸುವ ದಾರಿಯೂ ತಿಳಿಯುತ್ತಿತ್ತು.

ಗರಡಿಯ ದಿನ ಶುರುವಾಗುತ್ತಿದ್ದುದು ಬಸ್ಕಿಯಿಂದ. ಹೊಸದಾಗಿ ಸೇರಿದ ಹುಡುಗನಿಗೆ ತಾತ ಇಪ್ಪತ್ತಕ್ಕಿಂತ ಹೆಚ್ಚು ಹೊಡೆಯಲು ಬಿಡುತ್ತಿರಲಿಲ್ಲ. ಗೋಡೆಯ ಮೇಲೆ ಇದ್ದಿಲಿನ ಗೆರೆ. ವಾರಕ್ಕಿಷ್ಟು ಗೆರೆ ಹೆಚ್ಚಬೇಕು. ಗುಂಡು ಎತ್ತುವುದರಲ್ಲೂ ಅದೇ ಲೆಕ್ಕ. ಚಿಕ್ಕ ಗುಂಡು ಎದೆಮಟ್ಟಕ್ಕೆ ಬಂದವನಿಗೇ ಅದಕ್ಕಿಂತ ದೊಡ್ಡದು.

ಬಸ್ಕಿಯಲ್ಲಿ ಕೂರುವ ಗಳಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮಂಡಿ ಮಡಿಸುತ್ತಿದೆ, ಆದರೆ ಅದನ್ನು ಮಡಿಸುತ್ತಿರುವುದು ಮೈಯ ಭಾರ. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಎಂಬ ನಾಲ್ಕು ಸ್ನಾಯುಗಳ ಗುಂಪಿನ ಸ್ವಂತ ಕೆಲಸ ಮಂಡಿಯನ್ನು ಚಾಚುವುದು. ಕೂರುವಾಗ ಅದು ಉದ್ದವಾಗುತ್ತಲೇ ಹಿಡಿತ ಬಿಡದೆ ಭಾರವನ್ನು ಇಳಿಸುತ್ತದೆ, ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಅಂಗೈಯಲ್ಲಿ ತಡೆದು ತಡೆದು ಬಿಡುವ ಹಾಗೆ. ಹಗ್ಗ ಜಾರಿದರೆ ಕೊಡ ಧಡಾರನೆ ಬೀಳುತ್ತದೆ. ಮಂಡಿನೋವಿನ ಹೆಂಗಸರು ಕುರ್ಚಿಯ ಹತ್ತಿರ ಬಂದು ದೊಪ್ಪನೆ ಕುಸಿದು ಕೂರುವುದು ಈ ಹಗ್ಗ ಜಾರಿದ್ದರಿಂದಲೇ. ಏಳುವಾಗ ಅದೇ ಸ್ನಾಯು ಕುಗ್ಗುತ್ತ ಭಾರವನ್ನು ಎತ್ತುತ್ತದೆ. ಪೃಷ್ಠದ ಸ್ನಾಯು, ಮೀನಖಂಡ, ಬೆನ್ನು ಜೊತೆಗೂಡುತ್ತವೆ. ನೆಲದ ಮೇಲೆ ನಡೆಯುವಾಗ ಮಂಡಿ ಸುಮಾರು 60 ಡಿಗ್ರಿ ಮಡಿಸಿದರೆ ಸಾಕು. ಮೆಟ್ಟಿಲಿಗೆ ಸುಮಾರು 90 ಬೇಕು. ನಮ್ಮಂತೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರಿಗೆ, ಕುಕ್ಕರುಗಾಲಲ್ಲಿ ಕೂತು ಸೊಪ್ಪು ಬಿಡಿಸುವವರಿಗೆ 120ಕ್ಕಿಂತ ಮೇಲೇ ಬೇಕು. ಕುರ್ಚಿಯ ಮೇಲೆ ಬದುಕುವ ನಾಡಿಗೆ ಸಾಕಾಗುವ ಮಂಡಿ ನಮ್ಮ ಅಡುಗೆಮನೆಗೆ ಸಾಲುವುದಿಲ್ಲ.

ಗರಡಿಯನ್ನು ನಾನು ಕಣ್ಣುಮುಚ್ಚಿ ಹೊಗಳಲಾರೆ. ಹಬ್ಬದ ಹುರುಪಿನಲ್ಲಿ ಲೆಕ್ಕ ಮರೆತು ಸಾವಿರಗಟ್ಟಲೆ ಬಸ್ಕಿ ಹೊಡೆದವರು ವಯಸ್ಸಾದ ಮೇಲೆ ಮಂಡಿಚಿಪ್ಪಿನ ಹಿಂದೆ ಮರಳು ಅರೆದಂತಹ ಸದ್ದಿನೊಡನೆ ನನ್ನಲ್ಲಿಗೆ ಬಂದಿದ್ದಾರೆ. ಆಳವಾಗಿ ಕೂತಾಗ ಚಿಪ್ಪು ತೊಡೆಮೂಳೆಯನ್ನು ಮೈತೂಕದ ಹಲವು ಪಟ್ಟು ಬಲದಿಂದ ಒತ್ತುತ್ತದೆ. ಭಾರ ಅಳತೆಯಲ್ಲಿದ್ದರೆ ಮೃದ್ವಸ್ಥಿ ತಾಳುತ್ತದೆ, ಅಳತೆ ಮೀರಿದರೆ ಸವೆಯುತ್ತದೆ. ಗೋಡೆಯ ಇದ್ದಿಲ ಗೆರೆ ಇದ್ದದ್ದು ಆ ಅಳತೆಗೆ.

ಗರಡಿಯ ಸಾಮಾನು ಕಡಲನ್ನೂ ದಾಟಿತು. ಭಾರತದ ಪೈಲ್ವಾನರು ಜೋಡಿಯಾಗಿ ಬೀಸುತ್ತಿದ್ದ ಮರದ ಗದೆಗಳನ್ನು ಬ್ರಿಟಿಷ್ ಸೈನಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ನಾಡಿಗೆ ಒಯ್ದರು. 'ಇಂಡಿಯನ್ ಕ್ಲಬ್ಸ್' ಎಂಬ ಹೆಸರಿನಲ್ಲಿ ಅವು ಯುರೋಪು, ಅಮೆರಿಕಗಳ ವ್ಯಾಯಾಮಶಾಲೆಗಳನ್ನು ಹೊಕ್ಕು, 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯೂ ಆದವು. ಭುಜದ ಕೀಲು ತನ್ನ ಪೂರ್ತಿ ಸುತ್ತನ್ನು ಸುತ್ತುವುದು ಇಂಥ ಬೀಸಿನಲ್ಲಿ. ನಾನೂ ಬಿಗಿದುಕೊಂಡ ಭುಜಗಳಿಗೆ ಅರ್ಧ ಕಿಲೋದ ಪುಟ್ಟ ಗದೆ ಕೊಡುತ್ತೇನೆ.

ನಾಟಿ ಮೂಳೆವೈದ್ಯ ಮತ್ತು ಆಸ್ಪತ್ರೆಯ ನಡುವಿನ ಜಗಳ ನಮ್ಮಲ್ಲಿ ಮಾತ್ರ ನಡೆದದ್ದೆಂದು ನಾನು ತಿಳಿದಿದ್ದೆ. ಇಂಗ್ಲೆಂಡಿನಲ್ಲೂ ಅದೇ ಕಥೆ. 1867ರಲ್ಲಿ ಲಂಡನ್ನಿನ ದೊಡ್ಡ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ಮೂಳೆ ಕೂರಿಸುವವರು ಗುಣಪಡಿಸುವ ರೋಗಗಳ ಬಗ್ಗೆಯೇ ಉಪನ್ಯಾಸ ಮಾಡಿದ. ಪೆಟ್ಟಾದ ಕೀಲನ್ನು ವೈದ್ಯರು ಬಹಳ ದಿನ ಕಟ್ಟಿಡುತ್ತಾರೆ, ಅದು ಬಿಗಿದುಕೊಳ್ಳುತ್ತದೆ. ಆಗ ಮೂಳೆ ಕೂರಿಸುವವನು ಬಂದು ಒಮ್ಮೆ ಜಗ್ಗಿ ಮಡಿಸಿದರೆ ರೋಗಿ ಎದ್ದು ನಡೆಯುತ್ತಾನೆ. ಅವರಲ್ಲಿರುವ ಒಳ್ಳೆಯದನ್ನು ಕಲಿಯಿರಿ, ಕೆಟ್ಟದ್ದನ್ನು ಬಿಡಿ ಎಂಬುದು ಅವನ ಬುದ್ಧಿಮಾತಿನ ಸಾರ. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಮೂಳೆ ಕೂರಿಸುವವರ ವಂಶದಲ್ಲೇ ಹುಟ್ಟಿ ವೈದ್ಯನಾದವನು. ಅವನು ನಂಬಿದ್ದು ದೀರ್ಘ, ಎಡೆಬಿಡದ ವಿಶ್ರಾಂತಿಯನ್ನು. ಅವನ ಹೆಸರಿನ ಕಾಲುದಬ್ಬೆ ಮೊದಲ ಮಹಾಯುದ್ಧದಲ್ಲಿ ಎಷ್ಟೋ ಸೈನಿಕರ ಪ್ರಾಣ ಉಳಿಸಿತು. ಥಾಮಸ್‌ನ ಕಾಲದಲ್ಲೇ ಪ್ಯಾರಿಸ್ಸಿನಲ್ಲಿ ಲೂಕಾ ಶಾಂಪಿಯೋನಿಯೇರ್, ಮುರಿದ ಕೈಕಾಲನ್ನೂ ಬೇಗ ಮೆಲ್ಲಗೆ ಆಡಿಸಬೇಕು, ತಿಕ್ಕಬೇಕು ಎಂದು ವಾದಿಸುತ್ತಿದ್ದ. ಕಟ್ಟುವುದು ಅರ್ಧ ವಿದ್ಯೆ, ಬಿಚ್ಚಿ ಮಡಿಸುವುದು ಇನ್ನರ್ಧ. ಈ ಎರಡು ಅರ್ಧಗಳು ಒಬ್ಬನ ಕೈಯಲ್ಲಿ ಕೂಡದೆ ಹೋದಾಗಲೆಲ್ಲ ರೋಗಿ ಬೆಲೆ ತೆತ್ತಿದ್ದಾನೆ.

ಬಲ ಬರಿಸುವುದಕ್ಕೆ ಲೆಕ್ಕ ಬರೆದುಕೊಟ್ಟವನು ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್. ಎಳೆಯ ವಯಸ್ಸಿನಲ್ಲಿ ಸಂಧಿವಾತ ಜ್ವರದಿಂದ ಹಾಸಿಗೆ ಹಿಡಿದಿದ್ದ ಅವನು ಭಾರ ಎತ್ತಿ ಎತ್ತಿ ಮೈ ಕಟ್ಟಿಕೊಂಡಿದ್ದ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಶಿಕಾಗೋದ ಗಾರ್ಡಿನರ್ ಆಸ್ಪತ್ರೆ ಮಂಡಿ ಒಡೆದ ಸೈನಿಕರಿಂದ ತುಂಬಿತ್ತು. ಹಗುರವಾದ ವ್ಯಾಯಾಮವನ್ನು ಎಷ್ಟು ಮಾಡಿಸಿದರೂ ಸೊರಗಿದ ತೊಡೆಗೆ ಬಲ ಬರುತ್ತಿರಲಿಲ್ಲ. ಡಿಲಾರ್ಮ್ ಆ ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಮೇಜಿನಂಚಿನಲ್ಲಿ ಕೂರಿಸಿ, ಮಂಡಿ ಚಾಚಿಸಿದ. ವಾರವಾರವೂ ಭಾರ ಏರಿಸಿದ. ಸುಮಾರು 300 ರೋಗಿಗಳನ್ನು ಕಂಡ ಮೇಲೆ 1945ರಲ್ಲಿ ಪ್ರಬಂಧ ಪ್ರಕಟಿಸಿದ. 1948ರ ಹೊತ್ತಿಗೆ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ ಅದನ್ನು ಸರಳ ಮಾಡಿದ. ಒಬ್ಬ ಹತ್ತು ಸಲ ಮಾತ್ರ ಎತ್ತಬಲ್ಲ ಭಾರ ಎಷ್ಟೆಂದು ತಿಳಿದುಕೊಳ್ಳಿ. ಮೊದಲು ಅದರ ಅರ್ಧ ಹತ್ತು ಸಲ, ಆಮೇಲೆ ಮುಕ್ಕಾಲು ಹತ್ತು ಸಲ, ಕೊನೆಗೆ ಪೂರ್ತಿ ಹತ್ತು ಸಲ. ಇವತ್ತಿಗೂ ಫಿಸಿಯೋಥೆರಪಿ ಓದುವ ಮಕ್ಕಳು ಪರೀಕ್ಷೆಯಲ್ಲಿ ಬರೆಯುವ ಉತ್ತರ ಇದು. ಇದನ್ನು ಪಾಠ ಮಾಡುವಾಗ ನಾನು ಹಲಗೆಯ ಮೇಲೆ ಮೊದಲು ಮಣ್ಣು, ಉಪ್ಪು, ಕಲ್ಲು ಎಂದು ಬರೆಯುತ್ತೇನೆ.

ನಮ್ಮ ದೇಶದಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾದದ್ದು 1953ರಲ್ಲಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ. ಪೋಲಿಯೋದಿಂದ ಕಾಲು ಸೊರಗಿದ ಮಕ್ಕಳ ಸಾಲು ಅದರ ಹಿಂದಿತ್ತು. ಅದಕ್ಕೂ ಮೊದಲು ನಮ್ಮ ಊರುಗಳಲ್ಲಿ ಈ ಕೆಲಸ ವ್ಯಾಯಾಮಶಾಲೆಗಳಲ್ಲಿ, ಗರಡಿಗಳಲ್ಲಿ ಹಂಚಿಹೋಗಿತ್ತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸಿ, ಅಂಚೆಯಲ್ಲೂ ಅಂಗಸಾಧನೆ ಕಲಿಸಿ, ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ಬರೆದರು; 'ಶಾಂತಲಾ' ಕಾದಂಬರಿ ಬರೆದ ಕೈಯೂ ಅದೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ 1933ರಿಂದ ನಡೆಯುತ್ತಿತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನ ಸೊರಗಿದ ಹುಡುಗನೊಬ್ಬ ಭಾವನ ಮನೆಗೆಂದು ಮೈಸೂರಿಗೆ ಬಂದು ಅಲ್ಲಿ ಕಲಿತ. ಅಭ್ಯಾಸವಿಲ್ಲದ ಹನುಮಾನಾಸನವನ್ನು ಗುರುಗಳ ಮಾತಿಗೆ ಕಟ್ಟುಬಿದ್ದು ಮಾಡಿ ತೊಡೆಯ ಹಿಂದಿನ ಸ್ನಾಯು ಹರಿದುಕೊಂಡದ್ದನ್ನು, ವರ್ಷಗಟ್ಟಲೆ ನಡೆಯಲು ಕಷ್ಟಪಟ್ಟದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅವರೇ ಬಿ.ಕೆ.ಎಸ್. ಅಯ್ಯಂಗಾರ್. ಮುಂದೆ ಅವರು ಹಗ್ಗ, ಇಟ್ಟಿಗೆಯಾಕಾರದ ಮರದ ತುಂಡು, ಬೆಲ್ಟು, ಕುರ್ಚಿಗಳ ಆಸರೆ ಕೊಟ್ಟು, ಕೀಲು ಇವತ್ತು ಎಷ್ಟು ಮಡಿಸುತ್ತದೋ ಅಷ್ಟರಿಂದಲೇ ಆಸನ ಶುರುಮಾಡಿಸಿದರು. ಹರಿದ ಸ್ನಾಯುವಿನ ನೋವು ಉಂಡವರಿಗೆ ಈ ಅಳತೆಯ ಬೆಲೆ ಗೊತ್ತಿರುತ್ತದೆ.

ತಾತ ತೀರಿಕೊಂಡ ಮೇಲೆ ನಮ್ಮ ಗರಡಿಗೆ ಬೀಗ ಬಿತ್ತು. ಚಿಕ್ಕಪ್ಪ ಅಖಾಡದ ಮಣ್ಣನ್ನು ಜರಡಿ ಹಿಡಿದು ಒಂದು ಡಬ್ಬದಲ್ಲಿ ತುಂಬಿ ನನ್ನ ಕ್ಲಿನಿಕ್ಕಿಗೆ ತಂದುಕೊಟ್ಟರು. ಬಣ್ಣಬಣ್ಣದ ರಬ್ಬರ್ ಪಟ್ಟಿಗಳ ಪಕ್ಕದಲ್ಲಿ ಅದು ಈಗಲೂ ಇದೆ. ಪಾರ್ಶ್ವವಾಯು ಬಡಿದ ಹಿರಿಯರಿಗೆ ನಾನು ಮೊದಲು ಕೊಡುವುದು ಆ ಮಣ್ಣಿನ ಉಂಡೆ. ರಬ್ಬರ್ ಚೆಂಡು ಹಿಚುಕಿದರೆ ಮತ್ತೆ ಉಬ್ಬಿ ಮೊದಲಿನಂತಾಗುತ್ತದೆ. ಮಣ್ಣಿನಲ್ಲಿ ಬೆರಳ ಗುರುತು ಉಳಿಯುತ್ತದೆ. ನಿನ್ನೆಗಿಂತ ಇವತ್ತು ಹೆಬ್ಬೆರಳ ಗುಳಿ ಒಂದಿಷ್ಟು ಆಳವಾಗಿದ್ದರೆ ರೋಗಿಯೇ ಅದನ್ನು ನನಗೆ ತೋರಿಸುತ್ತಾರೆ.

ಕಳೆದ ವರ್ಷ ದಸರಾ ಕುಸ್ತಿಗೆ ತಯಾರಾಗುತ್ತಿದ್ದ ಹುಡುಗಿಯೊಬ್ಬಳು ಬಂದಳು. ಈಗ ದೊಡ್ಡಕೆರೆ ಮೈದಾನದ ಬಳಿಯ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಇಳಿಯುತ್ತಾರೆ. ಅವಳ ಮಂಡಿಯೊಳಗಿನ ಮುಂಭಾಗದ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಗಿತ್ತು. ಮೊದಲ ದಿನ ಅಳೆದಾಗ ಮಂಡಿ 70 ಡಿಗ್ರಿಯಲ್ಲಿ ನಿಂತಿತು. ತೊಡೆ ಸೊರಗಿ ಚಡ್ಡಿ ಸಡಿಲವಾಗಿತ್ತು. ಮೂರನೆಯ ತಿಂಗಳಲ್ಲಿ ಅವಳಿಗೆ ಅವಸರ.

"ಮೇಡಂ, ಪೂರ್ತಿ ಕೂತುಬಿಡ್ಲಾ? ಆಗುತ್ತೆ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿದರು. "ಇವತ್ತಿಗೆ ಅರ್ಧ ಸಾಕು ಕಣಮ್ಮ. ಅಳತೆ ಮೀರಿದ್ರೆ ಏನಾಗುತ್ತೆ ಅಂತ ಬೇಕಿದ್ರೆ ಈ ಕೈ ನೋಡು" ಎಂದು ಮಡಿಸಿದ ಎಡಗೈ ಎತ್ತಿದರು. ಅವಳು ಅರ್ಧಕ್ಕೇ ನಿಂತಳು. ನಾನು ತಾತನ ಹಾಗೆ ಪಕ್ಕದಲ್ಲಿ ಕೂತು ಎಣಿಸಿದೆ.

ಹತ್ತನೆಯ ತಿಂಗಳಲ್ಲಿ ಅವಳು ತನ್ನ ಗರಡಿಗೆ ಮರಳಿದಳು. ಆ ದಿನದ ಪೂಜೆಗೆ ನನ್ನನ್ನೂ ಕರೆದಿದ್ದಳು. ಅಲ್ಲೂ ಬಾಗಿಲು ಗಿಡ್ಡ. ಅವಳು ಕೈ ಆಸರೆಯಿಲ್ಲದೆ ಎರಡು ಮಂಡಿಯನ್ನೂ ಸಮನಾಗಿ ಮಡಿಸಿ, ಭಾರವನ್ನು ತಡೆದು ತಡೆದು ಇಳಿಸುತ್ತ ಒಳಗೆ ಹೋದಳು. ಆಮೇಲೆ ತಿರುಗಿ, "ಬನ್ನಿ ಮೇಡಂ" ಎಂದು ಕೈ ಚಾಚಿದಳು. ನಾನು ಚಪ್ಪಲಿ ಬಿಟ್ಟು, ಮಂಡಿ ಮಡಿಸಿ, ಹೊಸಿಲು ದಾಟಿದೆ.